ಮೂರೋ ಎಂಟೋ

ಜೂನ್ 4

ಸುಳಿ ಆರ್ಟ್ಸ್ ಮಾಲೀಕರಿಗೆ,

ನೀವು ಯಾರೆಂದು ನನಗೆ ಗೊತ್ತಿಲ್ಲ, ನಾನು ಯಾರೆಂದು ನಿಮಗೂ ಗೊತ್ತಿರಲಾರದು. ಆದರೆ ನಿಮ್ಮ ದೆಸೆಯಿಂದ ಸಾರಿಗೆ ಕಚೇರಿಯ ಮೆಟ್ಟಿಲು ಹತ್ತಿ ಇಳಿದು ನನ್ನ ಚಪ್ಪಲಿ ಸವೆದಿದೆ. ನಿಮ್ಮ ಅಂಗಡಿಯ ಹೆಸರು, ಊರು ಎರಡೂ ನನಗೆ ಸಿಕ್ಕಿದ್ದು ಒಂದು ಕಾರಿನ ನಂಬರ್ ಪ್ಲೇಟಿನ ಮೂಲೆಯಲ್ಲಿ. ಇರುವೆ ಸಾಲಿನಂಥ ಅಕ್ಷರ. ಶಾಲೆಯ ವಿಜ್ಞಾನದ ಕೋಣೆಯಿಂದ ಭೂತಗನ್ನಡಿ ಎರವಲು ತಂದು ಓದಿದೆ. ಅದರ ಜೊತೆಗೆ ಫೋನ್ ನಂಬರನ್ನೂ ಬರೆದಿದ್ದರೆ ಈ ಹೊತ್ತಿಗೆ ನಿಮ್ಮ ಕಿವಿ ಕೆಂಪಾಗಿರುತ್ತಿತ್ತು.

ನಾನು ಶಾಲಾ ವ್ಯಾನ್ ಓಡಿಸುವವಳು. ವೇಗದ ವಿಷಯದಲ್ಲಿ ನನ್ನ ಹೆಸರು ಎಷ್ಟು ಕೆಟ್ಟಿದೆಯೆಂದರೆ, ಒಂದನೇ ತರಗತಿಯ ಹುಡುಗಿಯೊಬ್ಬಳು ಕಿಟಕಿಯಾಚೆ ಬೆರಳು ತೋರಿಸಿ "ಅಕ್ಕಾ, ಆ ಅಜ್ಜ ನಡ್ಕೊಂಡೇ ನಮ್ಮನ್ನ ದಾಟಿ ಹೋದ್ರು" ಎಂದಿದ್ದಾಳೆ. ಅಂಥವಳಿಗೆ ಆಸ್ಪತ್ರೆ ರಸ್ತೆಯಲ್ಲಿ ಮಿತಿಮೀರಿ ಓಡಿಸಿದ್ದಕ್ಕೆ ಒಂದರ ಹಿಂದೊಂದು ಎರಡು ನೋಟೀಸು ಬಂದಿವೆ. ಅವುಗಳೊಳಗೆ ರಸ್ತೆಯ ಕ್ಯಾಮೆರಾ ತೆಗೆದ ಫೋಟೋದಲ್ಲಿ ನನ್ನ ಹಳದಿ ವ್ಯಾನಿಲ್ಲ, ಪುಟ್ಟದೊಂದು ನೀಲಿ ಕಾರಿದೆ. ನಂಬರು ಮಾತ್ರ ನನ್ನದೇ, ಕೊನೆಯ 8ರವರೆಗೂ. ನೆರಳಚ್ಚು ಜೊತೆಗಿಟ್ಟಿದ್ದೇನೆ.

"ಒಂದೇ ನಂಬರನ್ನ ಎರಡು ಗಾಡಿಗೆ ಹಾಕೊಂಡು ಓಡಾಡ್ತಿದೀರಾ? ಮಕ್ಕಳನ್ನ ಕೂರಿಸ್ಕೊಳ್ಳೋರು ಮಾಡೋ ಕೆಲ್ಸನಾ ಇದು?" ಎಂದು ಅಧಿಕಾರಿಗಳು ಎಲ್ಲರ ಮುಂದೆ ಕೇಳಿದರು. ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಅವರು ನನ್ನ ಕೈಗೆ ನಿಯಮದ ಹಾಳೆಯನ್ನೂ ಕೊಟ್ಟರು. ಪ್ಲೇಟಿನಲ್ಲಿ ಅಂಕಿ ಸಾದಾ ಆಗಿ, ನೇರವಾಗಿ ಇರಬೇಕಂತೆ. ಬಳ್ಳಿ ಇರಬಾರದು, ಹೂವು ಇರಬಾರದು, ಯಾರ ಹೆಸರೂ ಇರಬಾರದು. ನೀವು ಬರೆದದ್ದರಲ್ಲಿ ಇರಬಾರದ್ದೆಲ್ಲ ಇದೆ. ನನ್ನ ನಂಬರನ್ನು ಇನ್ನೊಬ್ಬರ ಕಾರಿಗೆ ಬರೆದುಕೊಡಿ ಎಂದವರು ಯಾರು? ಅದನ್ನು ತಿಳಿಸಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಶಾಲಾ ವ್ಯಾನಿನ ಚಾಲಕಿ


ಜೂನ್ 13

ಚಾಲಕಿಯಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಮ್ಮಾ, ಅದು ಎಂಟಲ್ಲ, ಮೂರು.

ಮೀಸೆ ಮೂಡುವ ಮೊದಲೇ ಕುಂಚ ಹಿಡಿದವನು ನಾನು. ನಮ್ಮ ಅಕ್ಷರಗಳೆಲ್ಲ ಗುಂಡಗೆ. ತಲೆಕಟ್ಟು ಎಳೆದು, ಹೊಟ್ಟೆ ತಿರುಗಿಸಿ, ಕೊಂಬನ್ನು ಒಳಕ್ಕೆ ಸುತ್ತಿದರೆ ಅದಕ್ಕೊಂದು ಲಕ್ಷಣ. ಹಾಗೆ ಪಳಗಿದ ಕೈಗೆ 3 ಎಂಬ ಅಂಕಿ ಬಾಯಿ ಬಿಟ್ಟುಕೊಂಡು ನಿಂತಿರುವುದನ್ನು ನೋಡಲಾಗುವುದಿಲ್ಲ. ಮೇಲೊಂದು ಕೊಂಬು, ಕೆಳಗೊಂದು ಕೊಂಬು ಕೊಟ್ಟು ಒಳಕ್ಕೆ ಸುತ್ತಿಬಿಡುತ್ತೇನೆ. ಈ ಊರಿನವರು ನನಗೆ ಸುಳಿ ಮೇಸ್ತ್ರಿ ಎಂದು ಹೆಸರಿಟ್ಟದ್ದೇ ಅದಕ್ಕೆ. ಹತ್ತಿರದಿಂದ ನೋಡಿ, ಕೊಂಬಿನ ತುದಿಗೂ ನಡುವಿಗೂ ಮಧ್ಯೆ ಅಕ್ಕಿಕಾಳು ತೂರುವಷ್ಟು ಸಂದಿಯಿದೆ. ಅದು ಯಂತ್ರಕ್ಕೆ ಕಾಣದಿದ್ದರೆ ಯಂತ್ರದ ಹಣೆಬರಹ. ನಾನು ಯಾರ ನಂಬರನ್ನೂ ಕದ್ದಿಲ್ಲ.

ನಿಯಮದ ಹಾಳೆ ನನಗೂ ಗೊತ್ತು. ಯಂತ್ರದಲ್ಲಿ ಒತ್ತಿ ತೆಗೆದ ಆ ಪ್ಲೇಟುಗಳನ್ನು ನೋಡಿದ್ದೀರಾ? ಹುಬ್ಬು ಬೋಳಿಸಿದ ಮುಖದ ಹಾಗಿರುತ್ತವೆ. ಜನ ನನ್ನ ಹತ್ತಿರ ಬರುವುದು ತಮ್ಮ ಗಾಡಿ ನಾಲ್ಕು ಜನರ ನಡುವೆ ಎದ್ದು ಕಾಣಲಿ ಎಂದು.

ಯಾರ ಕಾರೆಂದು ನೆನಪಿಲ್ಲ. ಗಿರಾಕಿಗಳು ಬರುತ್ತಾರೆ, ಹೋಗುತ್ತಾರೆ. ನೀವು ಕಳಿಸಿದ ನೆರಳಚ್ಚು ತೀರಾ ಮಸುಕು, ಓಡಿಸುವವರ ಮುಖ ಕಾಣುವುದಿಲ್ಲ. ಒಳ್ಳೆಯ ಪ್ರತಿ ಇದ್ದರೆ ಕಳಿಸಿ. ಮುಖ ನೋಡಿದರೆ ಗುರುತು ಸಿಕ್ಕೀತು. ಎರಡೂ ಫೋಟೋ ಅದೇ ಆಸ್ಪತ್ರೆ ರಸ್ತೆಯವೇ? ಅದನ್ನೂ ತಿಳಿಸಿ. ಫೋನು ಬೇಡ, ಪಕ್ಕದಲ್ಲೇ ತಗಡು ಬಡಿಯುವ ಅಂಗಡಿ, ನನಗೆ ಏನೂ ಕೇಳಿಸುವುದಿಲ್ಲ.

ಸುಳಿ ಮೇಸ್ತ್ರಿ


ಜೂನ್ 20

ಸುಳಿ ಮೇಸ್ತ್ರಿಗಳಿಗೆ,

ಮೂರೇ! ನಿಮ್ಮ ಕಾಗದ ಬಂದ ಮೇಲೆ ಭೂತಗನ್ನಡಿ ಮತ್ತೆ ತಂದೆ. ಅಕ್ಕಿಕಾಳಿನ ಸಂದಿ ಸಿಕ್ಕಿತು. ಸಣ್ಣಕ್ಕಿ ಇರಬೇಕು. ನಿಮ್ಮನ್ನು ಕಳ್ಳ ಎಂದುಕೊಂಡಿದ್ದೆ, ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಆದರೆ ನಿಮ್ಮ ಸೌಂದರ್ಯದಿಂದ ನನ್ನ ಬದುಕು ಮೂರಾಬಟ್ಟೆಯಾಗಿದೆ ಎನ್ನುವುದನ್ನು ಮಾತ್ರ ವಾಪಸು ತೆಗೆದುಕೊಳ್ಳುವುದಿಲ್ಲ.

ಓಡೋಡಿ ಹೋಗಿ ಅಧಿಕಾರಿಗಳಿಗೆ ತೋರಿಸಿದೆ. ಅವರು ಫೋಟೋವನ್ನು ಆ ಕಡೆ ಈ ಕಡೆ ತಿರುಗಿಸಿ "ನಂಗೆ ಎಂಟೇ ಕಾಣ್ತಿದೆ ಕಣಮ್ಮ" ಎಂದರು. ಹಾಗಾದರೆ 3ರ ಕಾರು ಯಾರದೆಂದು ನಿಮ್ಮ ಕಂಪ್ಯೂಟರಿನಲ್ಲೇ ನೋಡಿ ಎಂದರೆ, "ನೀವು ಹೇಳಿದ್ರಿ ಅಂತ ಇನ್ನೊಬ್ಬರ ವಿವರ ತೆಗೆಯೋಕಾಗಲ್ಲ. ಬರೆದವರ ಕೈಲೇ ಹೇಳಿಕೆ ತರಿಸಿ" ಎಂದರು. ಬೇಕಾದದ್ದು ಇಷ್ಟೇ: ಇದು ನನ್ನ ಕೈಬರಹ, ಕೊನೆಯ ಅಂಕಿ 3, ಇಂಥವರ ಕಾರಿಗೆ ಬರೆದದ್ದು. ಕೆಳಗೆ ನಿಮ್ಮ ಸಹಿ.

ಆಗಸ್ಟ್ 11ಕ್ಕೆ ವಿಚಾರಣೆ ಇಟ್ಟಿದ್ದಾರೆ. ಅಂದು ಇದು ಬಗೆಹರಿಯದಿದ್ದರೆ ಮಕ್ಕಳ ಗಾಡಿ ಓಡಿಸುವ ಪರವಾನಗಿ ಹೋಗುತ್ತದೆ. ನನಗೆ ಬೇರೆ ಕೆಲಸ ಬರುವುದಿಲ್ಲ, ಬೇರೆ ಕೆಲಸ ಬೇಕಾಗಿಯೂ ಇಲ್ಲ. ಮಕ್ಕಳು ನನ್ನನ್ನು ಹಾರನ್ ಅಕ್ಕ ಎನ್ನುತ್ತಾರೆ. ಗೇಟಿನ ಮುಂದೆ ನಿಂತು ನಾನು ಕೂಗುವ ಕೂಗಿಗೆ ಹಾರನ್ನೇ ಬೇಕಿಲ್ಲವಂತೆ. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಬಂದು ನನ್ನ ಭುಜಕ್ಕೆ ಒರಗಿ ಷೂ ಲೇಸು ಕಟ್ಟಿಸಿಕೊಳ್ಳುವವರನ್ನು ಬಿಟ್ಟು ಎಲ್ಲಿಗೆ ಹೋಗಲಿ?

ಒಳ್ಳೆಯ ಪ್ರತಿ ಇಟ್ಟಿದ್ದೇನೆ. ಹೌದು, ಎರಡೂ ಆಸ್ಪತ್ರೆ ರಸ್ತೆಯವೇ, ಎರಡೂ ಗುರುವಾರದ್ದೇ. ಓಡಿಸುತ್ತಿರುವುದು ಹೆಂಗಸು. ಗುರುತು ಹತ್ತಿದರೆ ಕೂಡಲೇ ಬರೆಯಿರಿ.

ಹಾರನ್ ಅಕ್ಕ


ಜುಲೈ 9

ಹಾರನ್ ಅಕ್ಕನವರಿಗೆ,

ಉತ್ತರ ತಡವಾಯಿತು. ಕೆಲಸದ ಒತ್ತಡ. ಬಿಸಿಲಿಗೆ ಕೆಂಪು ಬಣ್ಣ ಬೇಗ ಗಟ್ಟಿಯಾಗುತ್ತದೆ, ಮತ್ತೆ ಮತ್ತೆ ಕಲಸಬೇಕು.

ಜೊತೆಗಿರುವ ಹಾಳೆಯಲ್ಲಿ ನನ್ನ 3ನ್ನು ದೊಡ್ಡದಾಗಿ ಬರೆದು ಕಳಿಸಿದ್ದೇನೆ. ಇದನ್ನು ಅಧಿಕಾರಿಗಳಿಗೆ ತೋರಿಸಿದರೆ ಅವರಿಗೂ ಸಂದಿ ಕಂಡೀತು. ಸಹಿ ಮಾಡಿದ ಹೇಳಿಕೆ ಎಂದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ನಿಯಮ ಮುರಿದವನೆಂದು ನನ್ನ ಅಂಗಡಿಗೆ ಬೀಗ ಹಾಕಿದರೆ ಏನು ಮಾಡಲಿ? ವಿಚಾರಣೆಗೆ ಇನ್ನೂ ದಿನವಿದೆಯಲ್ಲ, ನೀವು ವ್ಯಾನ್ ಓಡಿಸಿಕೊಂಡು ನೆಮ್ಮದಿಯಾಗಿರಿ.

ಒಂದು ಮಾತು ಕೇಳಬೇಕಿತ್ತು. ಆ ರಸ್ತೆಯ ಆಸ್ಪತ್ರೆ ಯಾವ ಕಾಯಿಲೆಯದು? ಸಾಧಾರಣ ಜ್ವರ ನೆಗಡಿಗೆ ಹೋಗುವಂಥದ್ದೋ, ಅಥವಾ ದೊಡ್ಡ ಕಾಯಿಲೆಯದೋ? ಸುಮ್ಮನೆ ಕೇಳಿದೆ. ಹೊಸ ನೋಟೀಸು ಏನಾದರೂ ಬಂದಿದ್ದರೆ ಅದರ ಫೋಟೋ ಮರೆಯದೆ ಕಳಿಸಿ.

ಸುಳಿ ಮೇಸ್ತ್ರಿ


ಜುಲೈ 14

ಮೇಸ್ತ್ರಿಗಳೇ,

ಮೂರನೆಯ ನೋಟೀಸು ಬಂದಿದೆ. ಫೋಟೋ ಕಳಿಸುವುದಿಲ್ಲ.

ನಾನು ಕೇಳಿದ್ದು ಮೂರು ಸಾಲು. ನೀವು ಕಳಿಸಿದ್ದು ಬಾಗಿಲಿನಗಲದ ಒಂದು ಅಂಕಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ನನಗಾಗುವುದಿಲ್ಲ. ಆ ಹೆಂಗಸು ಯಾರೆಂದು ನಿಮಗೆ ಚೆನ್ನಾಗಿ ಗೊತ್ತು. ಯಾರೋ ದೊಡ್ಡ ಮನೆಯ ಗಿರಾಕಿ ಇರಬೇಕು, ಅವರ ಹೆಸರು ಹೇಳಿದರೆ ನಿಮ್ಮ ವ್ಯಾಪಾರಕ್ಕೆ ಕುತ್ತು ಎಂದು ನನ್ನನ್ನು ಸತಾಯಿಸುತ್ತಿದ್ದೀರಿ. ಆಕೆಯಂತೂ ಆರಾಮಾಗಿದ್ದಾರೆ. ಕೂದಲನ್ನು ಕಿವಿಯವರೆಗೆ ಕತ್ತರಿಸಿಕೊಂಡಿದ್ದಾರೆ, ಪಕ್ಕದ ಸೀಟಿನಲ್ಲಿ ಬಿಳಿ ಬಟ್ಟೆಯ ದೊಡ್ಡ ಮೂಟೆ ಇದೆ. ತಪ್ಪು ಅವರದು, ನೋಟೀಸು ನನಗೆ.

ಆಸ್ಪತ್ರೆ ಎಲ್ಲ ಕಾಯಿಲೆಯದೂ. ನಿಮ್ಮದೂ ಯಾವುದಾದರೂ ಇದ್ದರೆ ಬನ್ನಿ, ತೋರಿಸೋಣ.

ಚಾಲಕಿ


ಜುಲೈ 19

ಅಕ್ಕಾ,

ಬೈಯಿರಿ, ಬೈಸಿಕೊಳ್ಳಬೇಕಾದ ಕೆಲಸವನ್ನೇ ಮಾಡಿದ್ದೇನೆ. ಆದರೆ ದೊಡ್ಡ ಮನೆಯ ಗಿರಾಕಿ ಅಲ್ಲ. ಆ ಕಾರಿನಲ್ಲಿರುವುದು ನನ್ನ ಹೆಂಡತಿ.

ಈ ವರ್ಷದ ಮೊದಲಲ್ಲಿ ಮನೆ ಬಿಟ್ಟು ಹೋದಳು. ಎಲ್ಲಿಗೆಂದು ಹೇಳಲಿಲ್ಲ. ನನ್ನ ಫೋನ್ ಎತ್ತುವುದಿಲ್ಲ. ಅವಳ ಅಣ್ಣನನ್ನು ಕೇಳಿದರೆ "ಚೆನ್ನಾಗಿದಾಳೆ ಭಾವ" ಎಂದು ಮಾತು ಮುಗಿಸುತ್ತಾನೆ. ನಿಮ್ಮ ಮೊದಲ ಕಾಗದ ಬಂದಾಗಲೇ ಅವಳು ನಿಮ್ಮ ಊರಿನಲ್ಲಿದ್ದಾಳೆಂದು ನನಗೆ ಗೊತ್ತಾದದ್ದು. ನೀವು ಕಳಿಸಿದ ಒಳ್ಳೆಯ ಪ್ರತಿಯನ್ನು ಅಂಗಡಿಯ ಬೆಳಕಿನಲ್ಲಿ ಹಿಡಿದು ನೋಡಿದೆ. ಮುಖ ಸಣಕಲಾಗಿದೆ. ನಿಮಗೆ ಬರುವ ನೋಟೀಸೇ ನನಗೆ ಅವಳ ಸುದ್ದಿ. ನೀವು ಆ ಪ್ಲೇಟನ್ನು ಸರಿಪಡಿಸಿಬಿಟ್ಟರೆ ಅದೂ ನಿಂತುಹೋಗುತ್ತದೆ ಎಂಬ ಸ್ವಾರ್ಥ.

ನಾನು ಕುಡಿಯುವವನಲ್ಲ, ಕೈ ಎತ್ತಿದವನಲ್ಲ. ಅವಳು ಪರದೆ ಹೊಲಿಯುವವಳು. ಮನೆಮನೆಗೆ ಹೋಗಿ ಕಿಟಕಿಯ ಅಳತೆ ತಂದು ಹೊಲಿದು ಕೊಡುತ್ತಾಳೆ. ಆ ಓಡಾಟಕ್ಕೆಂದು ತನ್ನ ದುಡಿಮೆಯಲ್ಲೇ ಕಾರು ಕೊಂಡಳು. ಕಚೇರಿಯವರು ಕೊಟ್ಟ ಸಾದಾ ಪ್ಲೇಟೇ ಸಾಕು ಎಂದಿದ್ದಳು. ನನ್ನ ಹೆಂಡತಿಯ ಕಾರು ಬೋಳು ಪ್ಲೇಟಿನಲ್ಲಿ ಓಡಾಡುವುದೇ? ಅವಳಿಗೆ ಆಶ್ಚರ್ಯವಾಗಲಿ ಎಂದು, ಅವಳು ಸಂತೆಗೆ ಹೋಗಿದ್ದಾಗ ಅದನ್ನು ಕಿತ್ತು ನನ್ನ ಕೈಯಾರೆ ಬರೆದದ್ದನ್ನು ರಿವೆಟ್ ಹೊಡೆದು ಕೂರಿಸಿದೆ. ಬಂದು ನೋಡಿದಳು. "ನನ್ನ ಕಾರಿನ ಮೇಲೂ ನಿಮ್ಮ ಅಂಗಡಿ ಹೆಸರಾ?" ಎಂದಳು. ಅಷ್ಟೇ. ಜಗಳವಿಲ್ಲ, ಕಣ್ಣೀರಿಲ್ಲ. ಆ ವಾರದಲ್ಲೇ ಹೊಲಿಗೆ ಯಂತ್ರವನ್ನು ಹಿಂದಿನ ಸೀಟಿಗೆ ಹತ್ತಿಸಿಕೊಂಡು ಹೊರಟಳು. ನಮ್ಮ ಮನೆಯ ಬಾಗಿಲಿಗೆ ಹೂಬಳ್ಳಿ, ಅಡುಗೆಮನೆಯ ಡಬ್ಬಿಗಳಿಗೆಲ್ಲ ನನ್ನ ಕೈಬರಹ, ಅವಳ ಯಂತ್ರದ ಮೇಲೂ ನಾನೇ ಬರೆದ ನವಿಲು. ಕೇಳಿದವಳಿಗೆ ಇಷ್ಟೆಲ್ಲ ಯಾವ ಗಂಡ ಮಾಡಿಕೊಡುತ್ತಾನೆ? ನಾನು ಮಾಡಿದ ತಪ್ಪಾದರೂ ಏನು?

ಇರಲಿ. ವಾರವಾರ ಆಸ್ಪತ್ರೆ ರಸ್ತೆ. ಕತ್ತರಿಸಿದ ಕೂದಲು. ಬಿಳಿ ಬಟ್ಟೆಯ ಮೂಟೆ. ಯಾವ ಕಾಯಿಲೆಗೆ ಕೂದಲು ತೆಗೆಯುತ್ತಾರೆಂದು ನನಗೂ ಗೊತ್ತಿದೆ. ನಿಮ್ಮ ಕಾಗದ ಓದಿದಂದಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಹೇಳಿಕೆ ಕೊಟ್ಟರೆ ಅದರಲ್ಲಿ ಅವಳ ಹೆಸರು ಬರೆಯಬೇಕು. ಮುನಿಸಿಕೊಂಡು ಹೋದ ಹೆಂಡತಿಗೆ, ಅದೂ ಹುಷಾರಿಲ್ಲದವಳಿಗೆ, ಗಂಡ ಕಳಿಸಿದ ಮೊದಲ ಕಾಗದ ದಂಡದ ನೋಟೀಸಾಗಬೇಕೇ? ನೀವೇ ಹೇಳಿ.

ನಿಮ್ಮ ಮೇಸ್ತ್ರಿ


ಜುಲೈ 25

ಅಣ್ಣಾ,

ನಿಮ್ಮ ಕಾಗದವನ್ನು ಶಾಲೆಯ ಕಾಂಪೌಂಡ್ ಕಟ್ಟೆಯ ಮೇಲೆ ಕೂತು ಓದಿದೆ. ಕೋಪವೆಲ್ಲ ಇಳಿಯಿತು. ನಿಮ್ಮ ಜಾಗದಲ್ಲಿದ್ದರೆ ನಾನೂ ಆ ಫೋಟೋಗೆ ಕಾಯುತ್ತಿದ್ದೆನೇನೋ.

ಆದರೆ ಒಂದು ಮಾತು ಹೇಳದೆ ಬಿಡಲಾರೆ. "ಕೇಳಿದವಳಿಗೆ ಇಷ್ಟೆಲ್ಲ" ಎಂದು ಬರೆದಿದ್ದೀರಿ. ಅವರು ಕೇಳಿದ್ದೆಲ್ಲಿ? ಅವರು ಕೇಳಿದ್ದು ಸಾದಾ ಪ್ಲೇಟು. ನಿಮ್ಮ ಕಾಗದದಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದೇ, ನೀವು ಕಿತ್ತು ಹಾಕಿದ್ದೂ ಅದೊಂದನ್ನೇ. ಬೇಜಾರು ಮಾಡಿಕೊಳ್ಳಬೇಡಿ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ನಾನೂ ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ನೆಮ್ಮದಿಯಾಗಿ ವ್ಯಾನ್ ಓಡಿಸಿಕೊಂಡಿರಿ ಎಂದು ಬರೆದಿದ್ದಿರಲ್ಲ, ನಾನು ವ್ಯಾನ್ ಓಡಿಸುತ್ತಿಲ್ಲ. ಎರಡನೇ ನೋಟೀಸು ಬಂದ ದಿನವೇ ಶಾಲೆಯವರು ಕೀಲಿಕೈ ಇಸಿದುಕೊಂಡರು. ನಿಮಗೆ ಮೊದಲ ಕಾಗದ ಬರೆಯುವಾಗಲೇ ನಾನು ಖಾಲಿ ಕೈ. ಈಗ ಬೇರೊಬ್ಬರು ಓಡಿಸುತ್ತಾರೆ, ನಾನು ಹಿಂದೆ ಮಕ್ಕಳ ಜೊತೆ ಕೂತು ಬಾಗಿಲು ತೆಗೆದು ಹಾಕುತ್ತೇನೆ. "ಅಕ್ಕಾ, ನಿಮಗೆ ಶಿಕ್ಷೆನಾ? ಎಷ್ಟು ದಿನ?" ಎಂದು ಮಕ್ಕಳು ಕೇಳುತ್ತಾರೆ. ಗುರುತಿಲ್ಲದವರ ಮುಂದೆ ಅಂಗಲಾಚಿದ ಹಾಗಾಗುತ್ತದೆ ಎಂದು ನಿಮಗೆ ಬರೆಯಲಿಲ್ಲ.

ಈಗ ಕೇಳಿ. ಬರುವ ಗುರುವಾರ ರಜೆ ಹಾಕಿ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತೇನೆ. ಅತ್ತಿಗೆಯನ್ನು ನಾನೇ ನೋಡಿ ಮಾತಾಡಿಸುತ್ತೇನೆ. ಬೇಡವೆನ್ನುವುದಾದರೆ ಬುಧವಾರದೊಳಗೆ ನಿಮ್ಮ ಕಾಗದ ನನ್ನ ಕೈ ಸೇರಲಿ.

ಹಾರನ್ ಅಕ್ಕ (ಸದ್ಯಕ್ಕೆ ಬಾಗಿಲು ಅಕ್ಕ)


ಜುಲೈ 28

ಅಕ್ಕಾ,

ಗೇಟಿನಲ್ಲಿ ನಿಲ್ಲಬೇಡಿ. ಹುಷಾರಿಲ್ಲದವಳು, ಗುರುತಿಲ್ಲದವರು ಬಂದು ತಡೆದರೆ ಗಾಬರಿಯಾಗುತ್ತಾಳೆ. ನನ್ನ ಮೇಲಿನ ಸಿಟ್ಟನ್ನು ನಿಮ್ಮ ಮೇಲೆ ತೀರಿಸಿಯಾಳು.

ನೀವು ಕೀಲಿಕೈ ಕೊಟ್ಟು ಕೂತಿದ್ದೀರೆಂದು ಗೊತ್ತಿದ್ದರೆ ನಾನು ಇಷ್ಟು ಎಳೆದಾಡುತ್ತಿರಲಿಲ್ಲ. ನನ್ನನ್ನು ನಂಬಿ. ಆಗಸ್ಟ್ 11ಕ್ಕೆ ನಾನೇ ಬರುತ್ತೇನೆ. ಕಾಗದದ ಹೇಳಿಕೆ ಬೇಡ, ಅಧಿಕಾರಿಗಳ ಮುಂದೆ ನಿಂತು ಅದು ಮೂರೇ ಎಂದು ಬಾಯಿಬಿಟ್ಟು ಹೇಳುತ್ತೇನೆ. ಎಷ್ಟು ಹೊತ್ತು ವಾದ ಮಾಡಬೇಕಾದರೂ ಮಾಡುತ್ತೇನೆ. ಅವಳ ದಂಡವನ್ನೂ ನಾನೇ ಕಟ್ಟುತ್ತೇನೆ.

ಕೇಳಿದ್ದು ಅದೊಂದೇ ಎಂದಿರಿ. ಆ ಮಾತು ಚುಚ್ಚಿತು.

ಸುಳಿ ಮೇಸ್ತ್ರಿ


ಜುಲೈ 31

ಅಣ್ಣಾ,

ನಿಮ್ಮ ಕಾಗದ ನಿನ್ನೆ ಸಂಜೆ ಬಂತು. ಅಷ್ಟು ಹೊತ್ತಿಗೆ ನಾನು ಗೇಟಿನಲ್ಲಿ ನಿಂತು ಬಂದಾಗಿತ್ತು.

ಮೊದಲು ಊಟ ಮಾಡಿ. ಅತ್ತಿಗೆಗೆ ಯಾವ ಕಾಯಿಲೆಯೂ ಇಲ್ಲ. ಗುಂಡುಕಲ್ಲಿನ ಹಾಗಿದ್ದಾರೆ. ಆಸ್ಪತ್ರೆಯ ವಾರ್ಡಿನಲ್ಲಿ ಹಾಸಿಗೆ ಹಾಸಿಗೆಯ ನಡುವೆ ಬಿಳಿ ಪರದೆ ಇರುತ್ತದಲ್ಲ, ಅದನ್ನು ಹೊಲಿಯುವ ಕೆಲಸ ಅವರದು. ಪ್ರತಿ ಗುರುವಾರ ಹಳೆಯದನ್ನು ಇಳಿಸಿ ಹೊಸದನ್ನು ತೂಗುಹಾಕಬೇಕು, ಅದೂ ಡಾಕ್ಟರು ಸುತ್ತು ಬರುವ ಮೊದಲು. ಅದಕ್ಕೇ ಆ ಓಟ. ಮೂಟೆಯಲ್ಲಿದ್ದದ್ದು ಪರದೆ. ಕೂದಲು ಯಂತ್ರದ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆಂದು ಅವರೇ ಕತ್ತರಿಸಿಕೊಂಡದ್ದು. ಒಪ್ಪುತ್ತದೆ, ನಿಮಗೆ ಹಿಡಿಸಲಿಕ್ಕಿಲ್ಲ.

ನೀಲಿ ಕಾರು ನಿಂತ ಕೂಡಲೇ ಹೋಗಿ ಗಾಜು ತಟ್ಟಿದೆ. ನೋಟೀಸು ತೋರಿಸಿ ವಿಷಯ ಹೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

"ಇದು ಮೂರಲ್ವಾ? ನಂಗೊಂದು ನೋಟೀಸೂ ಬಂದಿಲ್ವಲ್ಲ. ಅಲ್ಲಿ ಕ್ಯಾಮೆರಾ ಇದೆ ಅಂತಾನೂ ಗೊತ್ತಿಲ್ಲ ನಂಗೆ!"

ನಾನು ಗೇಟಿನ ಕಾವಲುಗಾರರನ್ನು ಕರೆದು ಪ್ಲೇಟು ಓದಿ ಎಂದೆ. ಅವರು ಸಲೀಸಾಗಿ ಓದಿ ಕೊನೆಗೆ "ಎಂಟು" ಎಂದರು. ಔಷಧಿ ಚೀಟಿ ಹಿಡಿದು ಹೋಗುತ್ತಿದ್ದ ಅಜ್ಜಿಯೂ ಕನ್ನಡಕ ಸರಿಮಾಡಿಕೊಂಡು "ಎಂಟಲ್ವೇನಮ್ಮ?" ಎಂದರು. ಅತ್ತಿಗೆ ಮೊದಲು ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ನನ್ನ ಕೀಲಿಕೈ ಹೋದದ್ದು ಕೇಳಿ ಅವರ ಕಣ್ಣು ತುಂಬಿತು. ಕಾರಿನ ದಾಖಲೆಯ ಪ್ರತಿಯನ್ನು ತಾವಾಗಿಯೇ ಕೊಟ್ಟರು. ದಂಡ ನನ್ನದು, ನಾನೇ ಕಟ್ಟಿಕೊಳ್ಳುತ್ತೇನೆ ಎಂದರು. ನಿಮಗೆ ಹೇಳಲು ಏನಾದರೂ ಇದೆಯೇ ಎಂದು ಕೇಳಿದೆ. "ಹುಷಾರಾಗಿದೀನಿ ಅಂತ ಬರೀರಿ. ಬೇರೇನೂ ಬೇಡ" ಎಂದರು.

ಈಗ ಮುಖ್ಯವಾದ ಮಾತು, ಎರಡು ಸಲ ಓದಿಕೊಳ್ಳಿ. ದಾಖಲೆ ಹಿಡಿದು ಇವತ್ತೇ ಅಧಿಕಾರಿಗಳ ಹತ್ತಿರ ಹೋಗಿದ್ದೆ. ದಾಖಲೆಯಲ್ಲಿ 3 ಇದೆ, ಫೋಟೋದಲ್ಲಿ ನನಗೆ 8 ಕಾಣುತ್ತದೆ, ಎರಡೂ ಒಂದೇ ಎಂದು ಬರೆದವರೇ ಹೇಳಬೇಕು ಎಂದರು. ಆದರೆ ನೀವು ಬಂದು ಅದು ಸ್ಪಷ್ಟವಾಗಿ ಮೂರೇ ಎಂದು ಹಟ ಹಿಡಿದರೆ, ಅಂಕಿ ಸರಿ, ಯಂತ್ರದ್ದು ತಪ್ಪು ಎಂದಾಗುತ್ತದೆ. ಆಗ ಅದು ಯಂತ್ರದ ಮೇಲಿನ ದೂರು. ಮೇಲಿನ ಕಚೇರಿಗೆ ಹೋಗಿ ಯಾವ ಕಾಲಕ್ಕೆ ತೀರ್ಮಾನವಾಗುತ್ತದೋ, ಅಲ್ಲಿಯವರೆಗೆ ನನಗೆ ಸ್ಟೇರಿಂಗ್ ಇಲ್ಲ. ಎಂಟರ ಹಾಗೆ ಕಾಣುವಂತೆ ಬರೆದಿದ್ದೇನೆ ಎಂದು ನೀವು ಒಪ್ಪಿದರೆ, ಪ್ಲೇಟು ನಿಯಮಕ್ಕೆ ವಿರುದ್ಧ ಎಂದು ನನ್ನ ನೋಟೀಸುಗಳನ್ನೆಲ್ಲ ಅಲ್ಲೇ ರದ್ದು ಮಾಡುತ್ತಾರೆ.

ನೀವು ವಾದ ಮಾಡಲು ಬರುವುದಾದರೆ ದಯವಿಟ್ಟು ಬರಲೇಬೇಡಿ ಅಣ್ಣಾ. ನನ್ನ ಪರವಾಗಿ ಗೆದ್ದು ನನ್ನನ್ನು ಮುಳುಗಿಸಬೇಡಿ.

ಹಾರನ್ ಅಕ್ಕ


ಆಗಸ್ಟ್ 13

ಅಣ್ಣಾ,

ಮಂಗಳವಾರ ವಿಚಾರಣೆ ಮುಗಿಸಿ ಬಸ್ಸಿಗೆ ಹೊತ್ತಾಯಿತೆಂದು ನೀವು ಹಿಂದಿನ ಬಾಗಿಲಿನಿಂದ ದಾಪುಗಾಲು ಹಾಕಿ ಹೋಗಿಬಿಟ್ಟಿರಿ. ಒಂದು ಲೋಟ ಚಹಾ ಕುಡಿಸಲೂ ಆಗಲಿಲ್ಲ. ಕೃತಜ್ಞತೆ ಹೇಳುವುದು ನನಗೆ ಅಷ್ಟಾಗಿ ಬರುವುದಿಲ್ಲ, ಆದ್ದರಿಂದ ಸುದ್ದಿ ಹೇಳುತ್ತೇನೆ. ನಿನ್ನೆ ಬೆಳಿಗ್ಗೆ ಕೀಲಿಕೈ ನನ್ನ ಕೈಗೆ ಬಂತು. ವ್ಯಾನ್ ಗೇಟು ದಾಟುವಾಗ ಮಕ್ಕಳು ಕೂಗಿದ ಕೂಗಿಗೆ ಮುಖ್ಯೋಪಾಧ್ಯಾಯಿನಿ ಕಿಟಕಿಯಿಂದ ಇಣುಕಿದರು. ಗಾಡಿ ನಿಲ್ಲಿಸಿ ಅತ್ತುಬಿಟ್ಟೆ. "ಅಕ್ಕಾ, ಲೇಟಾಗತ್ತೆ" ಎಂದಳು ಅದೇ ಒಂದನೇ ತರಗತಿಯವಳು.

ನಿಮಗೆ ಗೊತ್ತಿಲ್ಲದ್ದೊಂದು ಇದೆ. ಅತ್ತಿಗೆ ಹೇಳಬೇಡಿ ಎಂದಿದ್ದರು, ಆದ್ದರಿಂದ ಹಿಂದಿನ ಕಾಗದದಲ್ಲಿ ಬರೆಯಲಿಲ್ಲ. ಮಂಗಳವಾರ ಅವರೂ ಬಂದಿದ್ದರು. "ಬರ್ತಾರೆ, ಬಂದು ಮೂರೇ ಅಂತ ಜಗಳ ಆಡಿ ನಿಮ್ಮ ಕೆಲ್ಸ ಕೆಡಿಸ್ತಾರೆ. ನಾನೂ ಇರ್ತೀನಿ" ಎಂದು ಬಂದು ಕೋಣೆಯ ಹೊರಗೆ ಬಾಗಿಲ ಸಂದಿಯಲ್ಲಿ ನಿಂತಿದ್ದರು. ನಿಮ್ಮ ಬೆನ್ನು ಅವರ ಕಡೆಗಿತ್ತು.

ಅಧಿಕಾರಿಗಳು ಫೋಟೋವನ್ನು ನಿಮ್ಮ ಮುಂದೆ ತಳ್ಳಿ "ಇದು ಎಂಟಲ್ವೇನ್ರಿ?" ಎಂದರು. ನೀವು ಅದನ್ನು ಹತ್ತಿರ ಹಿಡಿದಿರಿ, ದೂರ ಹಿಡಿದಿರಿ. ನಿಮ್ಮ ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಮುಗಿಯಿತು, ಈ ಮನುಷ್ಯ ಈಗ ಅಕ್ಕಿಕಾಳಿನ ಸಂದಿ ತೋರಿಸುತ್ತಾರೆ ಎಂದುಕೊಂಡೆ. ನೀವು ಫೋಟೋವನ್ನು ಮೇಜಿನ ಮೇಲಿಟ್ಟು "ಇರಬಹುದು ಸಾರ್. ನಾನು ಬರೆದದ್ದು ಮೂರು. ನೋಡೋರಿಗೆ ಅದು ಎಂಟೇ. ಬರೆದದ್ದು ತಪ್ಪಾಗಿದೆ" ಎಂದಿರಿ.

ನೀವು ಹೋದ ಮೇಲೆ ಹೊರಗೆ ಬಂದರೆ ಅತ್ತಿಗೆ ಗೋಡೆಗೆ ಒರಗಿ ನಿಂತಿದ್ದರು. "ಇರಬಹುದು ಅಂದ್ರಾ? ಅವರೇನಾ?" ಎಂದು ನನ್ನನ್ನು ಎರಡೆರಡು ಸಲ ಕೇಳಿದರು. "ಮದ್ವೆ ಆದಾಗಿಂದ ಇವತ್ತಿನವರೆಗೂ ಆ ಬಾಯಲ್ಲಿ ಆ ಮಾತು ನಾನು ಕೇಳಿಲ್ಲ ಕಣ್ರಿ. ಅನ್ನ ಬೆಂದಿಲ್ಲ ಅಂದ್ರೂ, ಬೆಂದಿದೆ ಅಂತಾನೇ ತಿನ್ನೋರು" ಎಂದರು. ನಗುತ್ತಲೇ ಹೇಳಿದರು, ಆದರೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಪ್ಲೇಟನ್ನು ಕಚೇರಿಯವರು ಇಕ್ಕಳ ಹಿಡಿದು ಕಿತ್ತರು. ನಿಮ್ಮ ರಿವೆಟ್ಟು ಗಟ್ಟಿ, ಇಬ್ಬರು ಬೆವರಿದರು. ಅತ್ತಿಗೆ ದಂಡ ಕಟ್ಟಿ, ಅಲ್ಲೇ ಹುಬ್ಬಿಲ್ಲದ ಪ್ಲೇಟನ್ನು ಹಾಕಿಸಿಕೊಂಡರು. ನೀವಿನ್ನು ಗಾಡಿಗಳಿಗೆ ಪ್ಲೇಟು ಬರೆಯುವಂತಿಲ್ಲ ಎಂದು ನಿಮ್ಮ ಅಂಗಡಿಗೂ ಪತ್ರ ಬರುತ್ತದೆ, ಬೇರೆ ಬೋರ್ಡು ಬರೆಯಲು ಅಡ್ಡಿಯಿಲ್ಲವಂತೆ.

ಅವರ ವಿಳಾಸವನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಾರು ಹತ್ತುವಾಗ ಮಾತ್ರ "ಗುರುವಾರ ಆಸ್ಪತ್ರೆ ಹತ್ರ ಇರ್ತೀನಿ ಅಂತ ಅವರಿಗೆ ಗೊತ್ತಲ್ಲ" ಎಂದರು. ಬರಲಿ ಎಂದರೋ, ಬಂದಾರು ಎಂದು ಹೆದರಿದರೋ, ನನಗೆ ತಿಳಿಯಲಿಲ್ಲ. ಮುಖ ಆ ಕಡೆ ತಿರುಗಿತ್ತು. ಕೇಳಿದ್ದನ್ನು ಕೇಳಿದ ಹಾಗೆ ಬರೆದಿದ್ದೇನೆ.

ನಿಮ್ಮ ತಂಗಿ, ಹಾರನ್ ಅಕ್ಕ


ಆಗಸ್ಟ್ 20

ತಂಗೀ,

ನಿನ್ನ ಕೀಲಿಕೈ ಬಂದದ್ದು ಓದಿ ಎದೆ ಹಗುರಾಯಿತು. ಒಂದನೇ ತರಗತಿಯವಳಿಗೆ ನನ್ನ ನಮಸ್ಕಾರ ತಿಳಿಸು.

ಇವತ್ತು ಗುರುವಾರ. ನಿನ್ನ ಕಾಗದ ಬಂದದ್ದು ಸೋಮವಾರ. ಅವಳು ಬಾಗಿಲಲ್ಲಿ ನಿಂತಿದ್ದಳೆಂದು ಓದಿದ ಕೂಡಲೇ ಅಂಗಡಿ ಮುಚ್ಚಿ ಬಸ್ ನಿಲ್ದಾಣಕ್ಕೆ ಓಡಿ, ಬುಧವಾರದ ಬಸ್ಸಿಗೆ ಟಿಕೆಟು ತೆಗೆಸಿದೆ. ಗುರುವಾರ ಆಸ್ಪತ್ರೆ ಹತ್ತಿರ ಇರುತ್ತೇನೆ ಎಂದರೆ ಬಾ ಎಂದೇ ಅರ್ಥ, ಇನ್ನೇನು? ಹೊಸ ಅಂಗಿ ಇಸ್ತ್ರಿ ಮಾಡಿಸಿದೆ. ಅವಳಿಗೆಂದು ಏನಾದರೂ ಬರೆದುಕೊಂಡು ಹೋಗೋಣವೆಂದು ಒಂದು ಹಲಗೆಗೆ ಬಿಳಿ ಬಳಿದು ಒಣಗಿಸಲೂ ಇಟ್ಟೆ.

ಬುಧವಾರ ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದವನು ಅಲ್ಲೇ ನಿಂತೆ. ಅವಳು ಹೇಳಿದ್ದು, ತಾನು ಅಲ್ಲಿರುವುದು ನನಗೆ ಗೊತ್ತು ಎಂದು ಮಾತ್ರ. ಬಾ ಎಂಬುದನ್ನು ಸೇರಿಸಿಕೊಂಡವನು ನಾನು. ಅಂದವಾಗಿರಲಿ ಎಂದು, 3ರ ಹಾಗೆ ಬಾಯಿ ತೆರೆದಿದ್ದದ್ದನ್ನು ಮುಚ್ಚಿ ಬರೆದುಕೊಳ್ಳುವುದು ಕೈಗಷ್ಟೇ ಅಂಟಿದ ಚಾಳಿಯಲ್ಲ ತಂಗೀ. ಟಿಕೆಟು ವಾಪಸು ಮಾಡಿ ಬಂದೆ. ಇವತ್ತು ಇಡೀ ದಿನ ಅಂಗಡಿಯಲ್ಲಿ ಕುಂಚ ಮುಟ್ಟದೆ ಕೂತಿದ್ದೇನೆ. ಈ ಹೊತ್ತಿಗೆ ಅವಳು ಪರದೆ ತೂಗುಹಾಕಿ ಮುಗಿಸಿರುತ್ತಾಳೆ.

ಒಂದು ಉಪಕಾರ ಮಾಡು. ಮುಂದಿನ ಗುರುವಾರ ನಿನ್ನ ಮಕ್ಕಳನ್ನು ಇಳಿಸಿದ ಮೇಲೆ ಆ ಗೇಟಿಗೆ ಹೋಗು. ನಾನು ಬರಬಹುದೇ ಎಂದು ಅವಳನ್ನು ಕೇಳು. ನನ್ನ ಪರವಾಗಿ ಒಂದು ಮಾತೂ ಆಡಬೇಡ, ಕೇಳು ಅಷ್ಟೇ. ಹೂಂ ಎಂದರೆ ಹೂಂ ಎಂದು ಬರೆ. ಬೇಡ ಎಂದರೆ ಬೇಡ ಎಂದೇ ಬರೆ, ನಾನು ಅದನ್ನು ಬೇಡ ಎಂದೇ ಓದುತ್ತೇನೆ.

ನಿನ್ನ ಅಣ್ಣ